ಹೊಳೆ ದಾರಿ ಸಾಲದು, ಮೇಲಕ್ಕೆ ಹತ್ತಿ

ಫ್ರಾನ್ಸಿನ ದೋರ್ದೋನ್ ಕಣಿವೆಗೆ ಸೈಕಲ್ ತುಳಿಯಲು ಹೊರಟವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. "ರಸ್ತೆ ಸಮತಟ್ಟಾಗಿದೆ ಅಲ್ವಾ?" ಹೌದು, ಹೊಳೆ ಪಕ್ಕದ ರಸ್ತೆ ಹೆಚ್ಚುಕಡಿಮೆ ಸಮತಟ್ಟು. ಆದರೆ ಅದಷ್ಟನ್ನೇ ತುಳಿದು ವಾಪಸ್ ಬಂದರೆ ಆ ಕಣಿವೆ ನೋಡಿದ ಹಾಗಾಗುವುದಿಲ್ಲ. ಊರುಗಳು ಇರುವುದು ಮೇಲೆ, ಗುಡ್ಡದ ತಲೆಯಲ್ಲಿ. ಅಲ್ಲಿಗೆ ಸೈಕಲ್ಲಿನಲ್ಲೇ ಹತ್ತಬೇಕು. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿಯೇ.

ನಾನು ಹೋಗಿದ್ದು ಸೆಪ್ಟೆಂಬರಿನಲ್ಲಿ. ಸಾರ್ಲಾ ಊರಿನಿಂದ ಹೊರಟೆ. ಅಲ್ಲಿಂದ ಹೊಳೆ ಕಡೆಗೆ ಹಳೆಯ ರೈಲು ಹಾದಿಯನ್ನೇ ಸೈಕಲ್ ದಾರಿ ಮಾಡಿದ್ದಾರೆ. ರೈಲಿಗೆ ಏರು ಒಗ್ಗುವುದಿಲ್ಲ, ಹಾಗಾಗಿ ಅದು ಹಾಕಿದ ದಾರಿಯಲ್ಲಿ ನಮಗೂ ಕಷ್ಟವಿಲ್ಲ. ಚಿಕ್ಕ ಮಕ್ಕಳೂ ಆರಾಮಾಗಿ ತುಳಿಯುತ್ತಿದ್ದರು. ಆಮೇಲೆ ಹೊಳೆ ಸಿಕ್ಕಿತು. ದೋರ್ದೋನ್ ನೆಟ್ಟಗೆ ಹರಿಯುವ ಹೊಳೆಯಲ್ಲ. ಸುಣ್ಣಕಲ್ಲಿನ ನೆಲವನ್ನು ಕೊರೆಯುತ್ತಾ ದೊಡ್ಡ ದೊಡ್ಡ ಬಳಸು ಹಾಕುತ್ತದೆ. ಬಳಸಿನ ಹೊರಗಡೆ ನೀರು ಬಂಡೆಯನ್ನು ಕಡಿಯುತ್ತದೆ, ಒಳಗಡೆ ಮಣ್ಣು ತಂದು ಹಾಕುತ್ತದೆ. ಅದಕ್ಕೇ ಒಂದು ದಡದಲ್ಲಿ ಕಡಿದಾದ ಬಂಡೆ, ಎದುರು ದಡದಲ್ಲಿ ಅಕ್ರೋಟು ತೋಟ, ಮುಸುಕಿನ ಜೋಳದ ಹೊಲ. ಸೈಕಲ್ ಮೇಲೆ ಕೂತವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪ್ರತಿ ತಿರುವಿನಲ್ಲೂ ಕಾಣುತ್ತಲೇ ಇರುತ್ತದೆ.

ಸೆನಾಕ್ ಹತ್ತಿರ ಸೇತುವೆ ದಾಟಿದರೆ ತಲೆಯ ಮೇಲೆ ದೊಮ್. ಹೊಳೆಯಿಂದ ಸುಮಾರು 150 ಮೀಟರ್ ಎತ್ತರದಲ್ಲಿರುವ ಊರು. 1281ರಲ್ಲಿ ಫ್ರಾನ್ಸಿನ ರಾಜ ಮೂರನೇ ಫಿಲಿಪ್ ಹೊಳೆ ಕಾಯಲೆಂದೇ ಕಟ್ಟಿಸಿದ ಕೋಟೆ ಊರು ಇದು. ಆ ಕಾಲದಲ್ಲಿ ಇಂಥ ಹೊಸ ಊರುಗಳನ್ನು ಚೌಕ ಚೌಕವಾಗಿ ನೇರ ಬೀದಿಗಳಲ್ಲಿ ಕಟ್ಟುತ್ತಿದ್ದರು. ಇಲ್ಲಿ ಗುಡ್ಡ ಹಾಗೆ ಮಾಡಲು ಬಿಡಲಿಲ್ಲ, ಊರಿನ ಆಕಾರವೇ ಸೊಟ್ಟಗಾಯಿತು.

ಹತ್ತುತ್ತಾ ಅರ್ಧ ದಾರಿಯಲ್ಲಿ ಗೇರ್ ಬದಲಿಸುವಾಗ ನನ್ನ ಚೈನು ಕಳಚಿತು. ಇಳಿದು ಸೈಕಲ್ಲನ್ನು ಒಂದು ಕಲ್ಲುಗೋಡೆಗೆ ಒರಗಿಸಿದೆ. ಬಿಸಿಲಿಗೆ ಗೋಡೆ ಬೆಚ್ಚಗಿತ್ತು. ಜೇನಿನ ಬಣ್ಣದ ಕಲ್ಲು, ಸಂದಿಯಲ್ಲಿ ಒಂದು ಸಣ್ಣ ಹಲ್ಲಿ. ಅದು ನನ್ನನ್ನೇ ನೋಡುತ್ತಾ ಅಲುಗಾಡದೆ ಕೂತಿತ್ತು. ಕೈಗೆಲ್ಲ ಕರಿ ಗ್ರೀಸು ಮೆತ್ತಿಕೊಂಡು ಚೈನು ಕೂರಿಸುವಾಗ ಕೆಳಗೆ ನೋಡಿದೆ. ಅಷ್ಟು ಹೊತ್ತು ತೊಡೆ ಉರಿಯುತ್ತಾ ಬಂದ ರಸ್ತೆ, ನಾನು ದಾಟಿದ ಸೇತುವೆ, ಅದರಾಚೆಯ ಹೊಲ, ಎಲ್ಲವೂ ಒಂದೇ ನೋಟಕ್ಕೆ ಸಿಕ್ಕವು. ಮೇಲೆ ಕೂತವನ ಕಣ್ಣು ತಪ್ಪಿಸಿ ಕೆಳಗೆ ಒಂದು ದೋಣಿಯೂ ಹೋಗಲಾರದು. ಈ ಊರನ್ನು ಇಲ್ಲೇ ಯಾಕೆ ಕಟ್ಟಿದರು ಅನ್ನುವುದು ನನಗೆ ಗೊತ್ತಾಗಿದ್ದು ಆಗ, ಆ ಏದುಸಿರಿನಲ್ಲಿ. ಹೋಗುವ ಮುಂಚೆ ಓದಿಕೊಂಡಿದ್ದೆ, ನಿಜ. ಓದಿದ್ದು ಮೈಗೆ ಹತ್ತಿರಲಿಲ್ಲ.

ದೊಮ್ ಊರಿಗೆ ಹೊಳೆಯ ಕಡೆ ಕೋಟೆಗೋಡೆ ಇರಲಿಲ್ಲ. ಬಂಡೆಯೇ ಸಾಕು, ಅಲ್ಲಿಂದ ಯಾರು ಹತ್ತಿಯಾರು ಅಂದುಕೊಂಡಿದ್ದರು. ಫ್ರಾನ್ಸಿನಲ್ಲಿ ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಕಾದಾಡುತ್ತಿದ್ದ ಕಾಲ. 1588ರ ಒಂದು ರಾತ್ರಿ ಪ್ರಾಟೆಸ್ಟೆಂಟ್ ದಂಡಿನ ನಾಯಕ ಜೊಫ್ರುವಾ ದ ವಿವಾನ್ 30 ಜನರನ್ನು ಕಟ್ಟಿಕೊಂಡು ಅದೇ ಬಂಡೆ ಹತ್ತಿ ಒಳಗೆ ನುಗ್ಗಿದ. ಬಾಗಿಲು ತೆಗೆದು ಹೊರಗಿದ್ದ ತನ್ನ ಸೈನ್ಯವನ್ನು ಒಳಗೆ ಬಿಟ್ಟುಕೊಂಡ. ಮೇಲಿನ ಕಟ್ಟೆಯಿಂದ ಬಗ್ಗಿ ನೋಡಿ. ಹಗಲಿನಲ್ಲಿ, ಡಾಂಬರು ರಸ್ತೆಯಲ್ಲಿ, ಸಣ್ಣ ಗೇರ್ ಹಾಕಿಕೊಂಡು ಹತ್ತಿದವರಿಗೇ ಆ ಕತ್ತಲೆಯ ಹತ್ತುವಿಕೆ ನೆನೆದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಕಾರು, ಬಸ್ಸುಗಳಲ್ಲಿ ಮೇಲೆ ಬಂದವರು ಹತ್ತು ನಿಮಿಷ ಕಟ್ಟೆ ಹತ್ತಿರ ನಿಂತು ಫೋಟೊ ತೆಗೆದುಕೊಂಡು ಇಳಿದು ಹೋಗುತ್ತಿದ್ದರು. ವಯಸ್ಸಾದವರು, ಆಗದವರು ಹಾಗೆ ಬರಲಿ, ತಪ್ಪೇನಿಲ್ಲ. ಆದರೆ ಮಂಡಿ ಗಟ್ಟಿ ಇರುವವರು ಸೈಕಲ್ಲನ್ನು ಕೆಳಗೆ ಬಿಟ್ಟು ಬರುವುದು ನನಗೆ ನಿಜಕ್ಕೂ ಬೇಸರ. ಇ-ಬೈಕ್ ಆದರೂ ಸರಿ. ಏರು ಗೊತ್ತಾಗಬೇಕು, ಗಾಳಿ ಬದಲಾಗಿದ್ದು ಮುಖಕ್ಕೆ ತಿಳಿಯಬೇಕು, ಅಷ್ಟೇ.

ಇನ್ನೊಂದು ಮಾತು, ಸರಾಸರಿ ವೇಗದ ಬಗ್ಗೆ. ದಯವಿಟ್ಟು ಆ ಲೆಕ್ಕವನ್ನು ಇಲ್ಲಿಗೆ ತರಬೇಡಿ. ದಿನಕ್ಕೆ 100 ಕಿಲೋಮೀಟರ್ ಅಂತ ಹಟ ಹಿಡಿದವರು ಹೊಳೆ ಪಕ್ಕದ ದೊಡ್ಡ ರಸ್ತೆಯನ್ನೇ ಹಿಡಿಯುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ಕಾರುಗಳ ಕಾಟ ಜಾಸ್ತಿ. ಊರ ಹೊರಗೆ ಸೈಕಲ್ಲನ್ನು ಹಿಂದೆ ಹಾಕುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕು ಅಂತ ಫ್ರಾನ್ಸಿನಲ್ಲಿ ಕಾನೂನಿದೆ. ಆದರೂ ಲಾ ರೋಕ್ ಗಜಾಕ್ ಊರಿನ ಹತ್ತಿರ ಒಂದು ಕಡೆ ಬಂಡೆ, ಇನ್ನೊಂದು ಕಡೆ ನೀರು, ನಡುವೆ ರಸ್ತೆ. ಅಲ್ಲಿ ಮನಸ್ಸು ಬಿಗಿಯಾಗುತ್ತದೆ. 1957ರಲ್ಲಿ ಅದೇ ಬಂಡೆಯ ಒಂದು ಭಾಗ ಕುಸಿದು ಮೂವರು ಸತ್ತರು. ಮನೆಗಳು ಈಗಲೂ ಬಂಡೆಗೆ ಬೆನ್ನು ಕೊಟ್ಟೇ ನಿಂತಿವೆ.

ಮುಂದೆ ಬೇನಾಕ್ ಊರು. ಇದರ ಏರು ದೊಮ್‌ಗಿಂತ ಖಾರ. ಕೊನೆಯ ಕಲ್ಲು ಹಾಸಿನ ಓಣಿಯಲ್ಲಿ ನಾನು ಸೈಕಲ್ ತಳ್ಳಿಕೊಂಡೇ ಹೋದೆ. ತಳಕ್ಕೆ ಕ್ಲೀಟ್, ಅಂದರೆ ಪೆಡಲಿಗೆ ಸಿಕ್ಕಿಸುವ ಗಟ್ಟಿ ತುಂಡು, ಇರುವ ಶೂ ಹಾಕಿದ್ದರೆ ಆ ಕಲ್ಲಿನ ಮೇಲೆ ಕಾಲು ಜಾರುವುದು ಖಂಡಿತ, ಮಾಮೂಲಿ ಶೂ ಹಾಕಿಕೊಳ್ಳಿ. ಮೇಲೆ ಕೋಟೆಯ ಹತ್ತಿರ ನಿಂತರೆ ಹೊಳೆಯಾಚೆ ಕಾಸ್ತೆಲ್‌ನೋ ಕೋಟೆ ಕಾಣುತ್ತದೆ. ನೂರು ವರ್ಷಗಳ ಯುದ್ಧದಲ್ಲಿ ಬೇನಾಕ್ ಫ್ರೆಂಚರ ಕಡೆ. ಕಾಸ್ತೆಲ್‌ನೋ ಬಹಳ ಕಾಲ ಇಂಗ್ಲಿಷರ ಕಡೆ. ನಡುವೆ ಇದೇ ಹೊಳೆ. ಮಧ್ಯಾಹ್ನದೊಳಗೆ ಒಂದರಿಂದ ಇಳಿದು ಇನ್ನೊಂದನ್ನು ಹತ್ತಿದೆ. ಸಂಜೆ ಲೆಕ್ಕ ನೋಡಿದರೆ ಇಡೀ ದಿನಕ್ಕೆ 50 ಕಿಲೋಮೀಟರೂ ದಾಟಿರಲಿಲ್ಲ. ಇಷ್ಟು ತುಂಬಿದ ದಿನ ನನಗೆ ಸೈಕಲ್ ಮೇಲೆ ಬೇರೆ ಸಿಕ್ಕಿಲ್ಲ.

ಆ ರಾತ್ರಿ ದೊಮ್‌ನಲ್ಲೇ ಉಳಿದೆ. ಬೆಳಿಗ್ಗೆ ಎದ್ದು ಕಟ್ಟೆ ಹತ್ತಿರ ಹೋದರೆ ಕಣಿವೆಯೇ ಇರಲಿಲ್ಲ. ಹೊಳೆ, ಸೇತುವೆ, ಹೊಲ ಎಲ್ಲ ಬೆಳ್ಳನೆ ಮಂಜಿನಡಿ ಮುಳುಗಿದ್ದವು. ಮೇಲೆ ಮಾತ್ರ ಬಿಸಿಲು. ಕೆಳಗೆ ಎಲ್ಲೋ ನಾಯಿ ಬೊಗಳಿದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದು ಸೈಕಲ್ ಹತ್ತಿದೆ. ಎರಡೂ ಬ್ರೇಕ್ ಮೆಲ್ಲಗೆ ಹಿಡಿದು ಇಳಿಯುತ್ತಾ ಬಂದೆ. ಮೂರನೇ ತಿರುವಿನಲ್ಲಿ ಮಂಜು ಶುರುವಾಯಿತು. ಕೈ ಮೇಲಿನ ರೋಮದ ತುದಿಯಲ್ಲೆಲ್ಲ ಸಣ್ಣ ಹನಿಗಳು ಕೂತವು.