ಮೊದಲು ಡಾಕ್ಟರು, ಆಮೇಲೆ ಕೆಮ್ಮಣ್ಣು

ಸರ್ಪಸುತ್ತು ಎದ್ದರೆ ನಮ್ಮ ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಅದೇ ಕ್ರಮ. ಮೊದಲು ಕೆಮ್ಮಣ್ಣು ಹಚ್ಚುವವರ ಮನೆ. ಆಮೇಲೆ ವಿದುರಾಶ್ವತ್ಥದ ನಾಗರಕಲ್ಲಿಗೆ ಹರಕೆ. ಅಷ್ಟಕ್ಕೂ ಬಗ್ಗದಿದ್ದರೆ ಡಾಕ್ಟರು. ಹರಕೆಯ ಬಗ್ಗೆ ನನ್ನ ತಕರಾರಿಲ್ಲ, ನಾನೂ ಹೋಗಿ ಕೈಮುಗಿದು ಬರುವವನೇ. ತಕರಾರು ಇರುವುದು ಸರದಿಯ ಬಗ್ಗೆ. ಅದರಲ್ಲೂ ಮೊದಲೇ ದಮ್ಮು ಇರುವವರಿಗೆ ಈ ಸರದಿ ತುಂಬಾ ದುಬಾರಿ ಬೀಳುತ್ತದೆ.

ಶಿಡ್ಲಘಟ್ಟದಲ್ಲಿ ನಮ್ಮ ಬೀದಿಯ ದೊಡ್ಡಮ್ಮ ಒಬ್ಬರಿದ್ದಾರೆ. ಅರ್ಧ ಆಯಸ್ಸು ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲೇ ಕಳೆದವರು. ಬಿಸಿನೀರಲ್ಲಿ ಬೇಯುವ ಗೂಡು, ಮುಖಕ್ಕೆ ಹೊಡೆಯುವ ಹಬೆ, ಹಿಂದೆ ಸೌದೆ ಒಲೆಯ ಹೊಗೆ. ಮನೆಗೆ ಬಂದರೆ ಅಲ್ಲೂ ಸೌದೆ ಒಲೆ. ಬೆಳಿಗ್ಗೆ ಎದ್ದರೆ ಕಫ ಕಿತ್ತು ಬರುವವರೆಗೂ ಕೆಮ್ಮು. ನಲ್ಲಿಯಿಂದ ಬಿಂದಿಗೆ ತರುವಾಗ ಗೋಡೆ ಹಿಡಿದು ನಿಲ್ಲುತ್ತಿದ್ದರು. ಕೇಳಿದರೆ, "ವಯಸ್ಸಾಯ್ತಲ್ಲಪ್ಪ, ಇನ್ನೇನು. ನಾನೇನು ಬೀಡಿ ಸೇದ್ತೀನಾ?" ಅಂತ ನಗುತ್ತಿದ್ದರು.

ಸಮಸ್ಯೆ ಇರುವುದೇ ಈ ಮಾತಿನಲ್ಲಿ. ಶ್ವಾಸಕೋಶದ ಹಳೇ ಕಾಯಿಲೆ, ಡಾಕ್ಟರುಗಳು ಸಿಓಪಿಡಿ ಅನ್ನುವುದು, ಬರೀ ಬೀಡಿ ಸಿಗರೇಟಿನವರ ಸ್ವತ್ತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಶ್ರೀಮಂತ ದೇಶಗಳಲ್ಲಿ ನೂರಕ್ಕೆ 70ಕ್ಕೂ ಜಾಸ್ತಿ ಕೇಸಿಗೆ ತಂಬಾಕು ಕಾರಣ. ನಮ್ಮಂಥ ದೇಶಗಳಲ್ಲಿ ಅದು 30ರಿಂದ 40 ಅಷ್ಟೇ. ಉಳಿದದ್ದರಲ್ಲಿ ಅಡುಗೆ ಮನೆಯ ಹೊಗೆಯದು ದೊಡ್ಡ ಪಾಲು. ಕ್ವಾರಿ, ಕ್ರಷರ್ ದೂಳಿನಲ್ಲಿ ದುಡಿಯುವವರಿಗೂ, ಹಿಂದೆ ಟಿಬಿ ಆಗಿ ವಾಸಿಯಾದವರಿಗೂ ಅಪಾಯ ಹೆಚ್ಚು. 2021ರಲ್ಲಿ ಜಗತ್ತಿನಲ್ಲಿ ಇದರಿಂದ ಸತ್ತವರು ಸುಮಾರು 35 ಲಕ್ಷ ಜನ. ಹೆಂಗಸರ ಉಬ್ಬಸವನ್ನು ಮಾತ್ರ ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊಳವೆಗೆ ಜೋರಾಗಿ ಊದಿಸಿ ನೋಡುವ ಸ್ಪೈರೋಮೆಟ್ರಿ ಟೆಸ್ಟ್ ಮಾಡಿದರೆ ಗೊತ್ತಾಗುತ್ತದೆ. ಅದರ ಹೆಸರೇ ಎಷ್ಟೋ ಮನೆಗಳಲ್ಲಿ ಕೇಳಿಲ್ಲ.

ದೊಡ್ಡಮ್ಮನಿಗೆ ಎಡಗಡೆ ಪಕ್ಕೆಯಲ್ಲಿ ಉರಿ ಶುರುವಾಯಿತು. ಮೊದಲು ಗ್ಯಾಸು ಅಂದರು. ಆಮೇಲೆ ಹಾರ್ಟು ಅಂತ ಹೆದರಿ ಇಸಿಜಿ ಮಾಡಿಸಿದರು, ಅದು ಸರಿ ಇತ್ತು. ಎರಡು ಮೂರು ದಿನಕ್ಕೆ ಬೆನ್ನಿನಿಂದ ಎದೆ ಕೆಳಗಿನವರೆಗೆ ಪಟ್ಟಿ ಎಳೆದಂತೆ ನೀರುಗುಳ್ಳೆ. ಚರ್ಮದಲ್ಲಿ ಏನೂ ಕಾಣದೆ ಮೊದಲು ಬರೀ ನೋವು, ಉರಿ ಬರುವುದೇ ಇದರ ಸ್ವಭಾವ. ಗುಳ್ಳೆ ಎದ್ದ ತಕ್ಷಣ ಕೆಮ್ಮಣ್ಣು ಬಂತು. ತಲೆ ಬಾಲ ಕೂಡಿದರೆ ಜೀವ ಹೋಗುತ್ತೆ ಅಂತಾರಲ್ಲ, ಆ ಭಯ. ನಿಜ ಏನಂದರೆ ಗುಳ್ಳೆ ಒಂದು ನರದ ದಾರಿ ಹಿಡಿದು ಮೈಯ ಒಂದೇ ಪಕ್ಕ ಏಳುತ್ತದೆ, ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ. ಹಾಗಾಗಿ ಕೂಡದಂತೆ ತಡೆದೆ ಅನ್ನುವವರು ಯಾವತ್ತೂ ಸೋಲುವುದಿಲ್ಲ ಬಿಡಿ.

ಚಿಕ್ಕಂದಿನಲ್ಲಿ ಅಮ್ಮ ಬಂದಿತ್ತು ಅಂತೀವಲ್ಲ, ಆ ಚಿಕನ್‌ಪಾಕ್ಸ್ ವೈರಸ್ಸೇ ಇದು. ವಾಸಿಯಾದ ಮೇಲೂ ಬೆನ್ನುಹುರಿ ಪಕ್ಕದ ನರದ ಗಂಟುಗಳಲ್ಲಿ ಸುಮ್ನೆ ಮಲಗಿರುತ್ತದೆ. ಮೈಯ ಶಕ್ತಿ ಕುಗ್ಗಿದಾಗ ಏಳುತ್ತದೆ. 50 ದಾಟಿದವರು, ಸಕ್ಕರೆ ಕಾಯಿಲೆಯವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಅಪಾಯ ಹೆಚ್ಚು. ಆ ಸಾಲಿನಲ್ಲಿ ಸಿಓಪಿಡಿಯವರೂ ಇದ್ದಾರೆ. ದಮ್ಮು ಜಾಸ್ತಿಯಾದಾಗ ಕೊಡುವ ಸ್ಟೀರಾಯ್ಡ್ ಮಾತ್ರೆಯೂ ಇದಕ್ಕೊಂದು ಕಾರಣ ಆಗಬಹುದು. ಹಾಗಂತ ಇದನ್ನು ಓದಿ ಮಾತ್ರೆ, ಬಾಯಿಗಿಟ್ಟು ಎಳೆಯುವ ಪಂಪು (ಇನ್‌ಹೇಲರ್) ಬಿಟ್ಟುಬಿಡಬೇಡಿ ದಯವಿಟ್ಟು. ಅದು ಡಾಕ್ಟರ ಹತ್ತಿರ ಮಾತಾಡಿ ತೀರ್ಮಾನ ಮಾಡುವ ವಿಷಯ.

ವೈರಸ್ ಅಡಗಿಸುವ ಮಾತ್ರೆಗಳಿವೆ, ಎಸೈಕ್ಲೋವಿರ್, ವ್ಯಾಲಸೈಕ್ಲೋವಿರ್ ಅಂತ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಉಪಯೋಗ. ದೊಡ್ಡಮ್ಮ ಆಸ್ಪತ್ರೆ ಮೆಟ್ಟಿಲು ಹತ್ತುವಷ್ಟರಲ್ಲಿ ವಾರ ದಾಟಿತ್ತು. ಮಣ್ಣು ಒಣಗಿ ಗುಳ್ಳೆಗೆ ಅಂಟಿಕೊಂಡು, ಅದನ್ನು ನೆನೆಸಿ ತೆಗೆಯುವುದೇ ನರ್ಸಮ್ಮನಿಗೆ ಒಂದು ಕೆಲಸ. ಗಾಯ ಮಾಯಿತು, ನೋವು ತಿಂಗಳುಗಟ್ಟಲೆ ಉಳಿಯಿತು. ರವಿಕೆ ಬಟ್ಟೆ ತಾಗಿದರೂ ಉರಿ. ಕೆಮ್ಮಿದರೆ ಪಕ್ಕೆ ಕಿತ್ತು ಬರುವಷ್ಟು ನೋವು ಅಂತ ಕೆಮ್ಮನ್ನೇ ತಡೆಹಿಡಿದರು. ಕಫ ಒಳಗೇ ಕಟ್ಟಿತು, ಉಸಿರು ಇನ್ನೂ ಹದಗೆಟ್ಟಿತು. ಒಂದು ಕಾಯಿಲೆ ಇನ್ನೊಂದರ ಕೈ ಹಿಡಿಯುವುದು ಹೀಗೆ.

ಗುಳ್ಳೆ ಹಣೆಯ ಮೇಲೋ ಮೂಗಿನ ತುದಿಯಲ್ಲೋ ಎದ್ದರೆ 72 ಗಂಟೆ ಅಂತಲೂ ಕೂರಬೇಡಿ, ಅವತ್ತೇ ಹೋಗಿ. ಕಣ್ಣಿಗೆ ಹಬ್ಬಬಹುದು.

ಲಸಿಕೆಯೂ ಇದೆ. ಶಿಂಗ್ರಿಕ್ಸ್ ಅಂತ, 2023ರಲ್ಲಿ ನಮ್ಮ ದೇಶಕ್ಕೆ ಬಂತು, 50 ದಾಟಿದವರಿಗೆ ಎರಡು ಡೋಸ್. ಕೆಲಸ ಚೆನ್ನಾಗಿ ಮಾಡುತ್ತದೆ, ಬೆಲೆ ಮಾತ್ರ ಸಾವಿರಗಳ ಲೆಕ್ಕ. ರೀಲಿಂಗ್ ಕೂಲಿಯವರಿಗೆ ಎಟುಕುವ ಮಾತಲ್ಲ. ದಮ್ಮಿನ ಕಾಯಿಲೆ ಇರುವ ಬಡವರಿಗಾದರೂ ಸರ್ಕಾರ ಇದನ್ನು ಪುಕ್ಕಟೆ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮನೆಯಲ್ಲಿ ಕೈಲಾಗುವವರು ಅಪ್ಪ ಅಮ್ಮನಿಗೆ ಹಾಕಿಸುವ ಬಗ್ಗೆ ಡಾಕ್ಟರನ್ನು ಕೇಳಿ.

ಇನ್ನೊಂದು ವಿಷಯ. ಸರ್ಪಸುತ್ತು ಆದವರನ್ನು ಮೈಲಿಗೆ ಅಂತ ದೇವರ ಕೋಣೆಗೆ ಬಿಡುವುದಿಲ್ಲ, ಮೊಮ್ಮಗುವನ್ನು ಮಾತ್ರ ಅವರ ತೊಡೆ ಮೇಲೆ ಕೂರಿಸುತ್ತಾರೆ! ಗುಳ್ಳೆಯ ನೀರು ತಾಗಿದರೆ ಚಿಕನ್‌ಪಾಕ್ಸ್ ಆಗದವರಿಗೆ ಚಿಕನ್‌ಪಾಕ್ಸ್ ಬರಬಹುದು. ಹಸುಗೂಸು, ಬಸುರಿ ಹೆಂಗಸರು ಸ್ವಲ್ಪ ದೂರ ಇರಲಿ. ಗುಳ್ಳೆ ಮೇಲೆ ಬಟ್ಟೆ ಮುಚ್ಚಿರಲಿ. ಎಲ್ಲಾ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಅಂಟುವುದಿಲ್ಲ, ಆಗ ಮಗು ಎತ್ತಿಕೊಳ್ಳಲಿ.