ಥೇಮ್ಸ್ ದಂಡೆಯ ಗರುಡನೂ ತಿಪಟೂರಿನ ಛತ್ರಿಯೂ

ಊರಿನಿಂದ ಅಪ್ಪ ಅಮ್ಮ ಇಂಗ್ಲೆಂಡಿಗೆ ಬಂದರೆ ಲಂಡನ್ ತೋರಿಸುವುದು ಒಂದು ಶಾಸ್ತ್ರ. ಬಿಗ್ ಬೆನ್ ಮುಂದೆ ಫೋಟೊ, ಅರಮನೆ ಗೇಟಿನ ಮುಂದೆ ಫೋಟೊ, ಲಂಡನ್ ಐ ಟಿಕೆಟ್ಟಿನ ರೇಟು ಕೇಳಿ ಅಪ್ಪ ನೆಲದ ಮೇಲೇ ನಿಂತು ತೆಗೆಸಿಕೊಂಡ ಫೋಟೊ. ಅದಾದ ಮೇಲೆ ಏನು? ರೆಡಿಂಗ್‌ನ ನಮ್ಮ ಮನೆಯಲ್ಲಿ ಕೂತು ಕೂತು ಅವರಿಗೆ ಬೇಜಾರು, ಅವರ ಬೇಜಾರು ನೋಡಿ ನಮಗೆ ಬೇಜಾರು. ಇದಕ್ಕೆ ನನಗೆ ತಿಳಿದ ಮದ್ದು ಒಂದೇ. ಹತ್ತಿರದ ಯಾವುದಾದರೂ ಹೊಳೆದಂಡೆಯ ಸಣ್ಣ ಪೇಟೆಗೆ ಕರೆದುಕೊಂಡು ಹೋಗಿ ಬಿಟ್ಟುಬಿಡುವುದು. ನೋಡುವುದಕ್ಕೆ ಅಲ್ಲಿ ಏನಿದೆ ಅಂತ ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ, ಅವರೇ ಏನಾದರೂ ಮಾಡಿಕೊಳ್ಳುತ್ತಾರೆ.

ಈ ಸಲ ಹೋಗಿದ್ದು ವಾಲಿಂಗ್‌ಫರ್ಡ್‌ಗೆ. ಆಕ್ಸ್‌ಫರ್ಡ್‌ಶೈರ್‌ನಲ್ಲಿ, ಥೇಮ್ಸ್ ನದಿಯ ಪಕ್ಕದಲ್ಲಿರುವ ಊರು. 1155ರಲ್ಲಿ ಎರಡನೇ ಹೆನ್ರಿ ರಾಜ ಸನ್ನದು ಕೊಟ್ಟ ಪೇಟೆ ಇದು, ಈಗಲೂ ಶುಕ್ರವಾರ ಶುಕ್ರವಾರ ಸಂತೆ ಸೇರುತ್ತದೆ. ಸಂತೆ ಮೈದಾನದ ಒಂದು ಬದಿಗೆ 1670ರಲ್ಲಿ ಕಟ್ಟಿದ ಟೌನ್ ಹಾಲ್ ಕಂಬಗಳ ಮೇಲೆ ನಿಂತಿದೆ, ಕೆಳಗೆಲ್ಲ ಖಾಲಿ ಜಾಗ. ಅಪ್ಪ ಪಿಡಬ್ಲ್ಯುಡಿಯಲ್ಲಿ ಇಂಜಿನಿಯರ್ ಆಗಿ ರಿಟೈರ್ ಆದವರು. ಒಂದು ಕಂಬವನ್ನು ತಟ್ಟಿ ನೋಡಿ, "ಗ್ರೌಂಡ್ ಫ್ಲೋರ್ ಇಷ್ಟು ಜಾಗ ಬಿಟ್ಟು ಒಂದು ಸ್ಕೂಟರ್ ಕೂಡ ನಿಲ್ಲಿಸಿಲ್ವಲ್ಲೋ" ಎಂದು ಬೇಸರಪಟ್ಟರು.

ಅಮ್ಮನಿಗೆ ಕಟ್ಟಡ ಗಿಟ್ಟಡ ಬೇಕಿರಲಿಲ್ಲ. ತರಕಾರಿ ಅಂಗಡಿ ಕಂಡಿತ್ತು. ಸೂಪರ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಹುರುಳಿಕಾಯಿ ನೋಡಿ ನೋಡಿ ಅವರ ಕೈ ಕಡಿಯುತ್ತಿತ್ತು ಅಂತ ಕಾಣುತ್ತದೆ. ಇಲ್ಲಿ ಅಂಗೈಯಗಲದ ಬುಟ್ಟಿಯಲ್ಲಲ್ಲ, ರಾಶಿ ಹಾಕಿದ್ದರು. ಇಲ್ಲಿಯವರು ರನ್ನರ್ ಬೀನ್ಸ್ ಅನ್ನುವ ಉದ್ದನೆಯ ಚಪ್ಪಟೆ ಕಾಯಿ. ಅಮ್ಮ ಒಂದನ್ನು ಎತ್ತಿಕೊಂಡರು, ತುದಿ ಮುರಿದರು. ಪಟ್ ಅಂದಿತು, ಎಳೆಯದು. ಇನ್ನೊಂದು ಎತ್ತಿದರು, ಪಟ್. ಮತ್ತೊಂದು ಮುರಿಯಲಿಲ್ಲ, ಬಾಗಿತು, ಅದನ್ನು ಪಕ್ಕಕ್ಕೆ ಎಸೆದರು. ಅಂಗಡಿಯವನು ಮೊದಲು ಮುಗುಳ್ನಕ್ಕ. ಆಮೇಲೆ ನಗು ನಿಲ್ಲಿಸಿದ. ಆಮೇಲೆ ನನ್ನನ್ನು ನೋಡಿದ. ಇವರು ಯಾರೋ ನನಗೆ ಗೊತ್ತಿಲ್ಲ ಅನ್ನುವ ಹಾಗೆ ನಾನು ಪಕ್ಕದ ಅಂಗಡಿಯ ಚೀಸ್ ನೋಡುತ್ತಾ ನಿಂತೆ, ಆದರೆ ಅಮ್ಮ ಅಷ್ಟರಲ್ಲಿ "ಬಾರೋ, ಇವನಿಗೆ ಹೇಳು, ಇದು ಬಲಿತಿದೆ ಅಂತ" ಎಂದು ಕೂಗಿ ಗುಟ್ಟು ರಟ್ಟು ಮಾಡಿದರು. ತುದಿ ಮುರಿದ ಅಷ್ಟೂ ಕಾಯಿಯನ್ನು ತೂಗಿಸಿ ದುಡ್ಡು ಕೊಟ್ಟದ್ದಾಯಿತು. ಅಲ್ಲಿಗೆ ಮುಗಿಯಿತಾ? ಚೀಲ ತೆರೆದು ಹಿಡಿದು ಅಮ್ಮ ಅಲ್ಲೇ ನಿಂತರು. ಕೊಸರು ಬೇಕಲ್ಲ! ಬಾಯಲ್ಲಿ ಕೇಳಲಿಲ್ಲ, ಸುಮ್ನೆ ಪಕ್ಕದಲ್ಲಿದ್ದ ಸೊಪ್ಪಿನ ಕಡೆ ಗದ್ದ ಎತ್ತಿ ತೋರಿಸಿದರು. ಪಾಪ, ಆ ಮನುಷ್ಯನಿಗೆ ಏನು ಅರ್ಥವಾಯಿತೋ, ಒಂದು ಹಿಡಿ ಸೊಪ್ಪು ಎತ್ತಿ ಚೀಲಕ್ಕೆ ಹಾಕಿಯೇಬಿಟ್ಟ. ಇಡೀ ವಾಲಿಂಗ್‌ಫರ್ಡ್ ಸಂತೆಯಲ್ಲಿ ಕೊಸರು ಗಿಟ್ಟಿಸಿದವರು ತಾನೊಬ್ಬಳೇ ಎಂದು ಅಮ್ಮ ಬೀಗಿದರು. ಕೊತ್ತಂಬರಿ ಅಂದುಕೊಂಡಿದ್ದರು. ಪಾರ್ಸ್ಲಿ. ಮಾರನೇ ದಿನದ ಸಾರಿನ ವಿಷಯ ನಾನು ಇಲ್ಲಿ ಬರೆಯುವುದಿಲ್ಲ.

ಅಪ್ಪನಿಗೆ ರೈಲು ನೋಡಬೇಕಿತ್ತು. 1866ರಲ್ಲಿ ಶುರುವಾಗಿ 1959ರಲ್ಲಿ ಪ್ರಯಾಣಿಕರಿಗೆ ಬಾಗಿಲು ಹಾಕಿದ ಒಂದು ಪುಟ್ಟ ಕವಲು ಲೈನು ಇಲ್ಲಿಂದ ಚೋಲ್ಸಿ ಎಂಬ ಪಕ್ಕದ ಹಳ್ಳಿಗೆ ಹೋಗುತ್ತದೆ. ಇಲ್ಲಿಯವರು ಅದಕ್ಕೆ ಪ್ರೀತಿಯಿಂದ 'ಬಂಕ್' ಅನ್ನುತ್ತಾರೆ. ಈಗ ಹವ್ಯಾಸಿಗಳೇ ಸೇರಿ ಅದರಲ್ಲಿ ಹಳೇ ರೈಲು ಓಡಿಸುತ್ತಾರೆ. ಆದರೆ ಓಡುವುದು ಆಯ್ದ ಶನಿವಾರ ಭಾನುವಾರ, ರಜೆ ದಿನ ಮಾತ್ರ. ಸಂತೆಗೆ ಅಂತ ಶುಕ್ರವಾರ ಬಂದರೆ ರೈಲಿಲ್ಲ, ರೈಲಿಗೆ ಅಂತ ಭಾನುವಾರ ಬಂದರೆ ಶುಕ್ರವಾರದ ಸಂತೆಯಿಲ್ಲ. "ರೈಲಲ್ಲಿ ಸಂತೆಗೆ ಬರೋರು ಏನು ಮಾಡ್ತಿದ್ರು ಹಾಗಾದ್ರೆ?" ಎಂದು ಅಪ್ಪ ಖಾಲಿ ಸ್ಟೇಷನ್ನಿನ ಮುಂದೆ ನಿಂತು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಳಿಯ ಫೋಟೊ ತೆಗೆದುಕೊಂಡು ವಾಪಸ್ ಬಂದೆವು.

ಕೊಲೆಯ ಪತ್ತೇದಾರಿ ಕಾದಂಬರಿಗಳನ್ನು ಬರೆದ ಅಗಾಥಾ ಕ್ರಿಸ್ಟಿ ಈ ಊರಿನವರೇ ಅಂತ ಹೇಳಬಹುದು. 1934ರಲ್ಲಿ ಇಲ್ಲಿ ವಿಂಟರ್‌ಬ್ರೂಕ್ ಹೌಸ್ ಎಂಬ ಮನೆ ತೆಗೆದುಕೊಂಡರು, 1976ರ ಜನವರಿಯಲ್ಲಿ ತೀರಿಕೊಂಡದ್ದೂ ಅದೇ ಮನೆಯಲ್ಲಿ, ಸಮಾಧಿ ಚೋಲ್ಸಿಯ ಚರ್ಚಿನಲ್ಲಿ. ಮನೆ ಈಗ ಬೇರೆಯವರದು, ಹೊರಗಿನಿಂದ ನೋಡಬೇಕು ಅಷ್ಟೆ. ಅದಕ್ಕೇ ಇರಬೇಕು, 2023ರಲ್ಲಿ ಊರ ಮ್ಯೂಸಿಯಂ ಹತ್ತಿರ ಅವರದೊಂದು ಕಂಚಿನ ಪ್ರತಿಮೆ ಮಾಡಿ ಕೂರಿಸಿದ್ದಾರೆ. ಬೆಂಚಿನ ಮೇಲೆ ಪುಸ್ತಕ ಹಿಡಿದು ಕೂತಿದ್ದಾರೆ, ಪಕ್ಕದಲ್ಲಿ ನಾವೂ ಕೂರಬಹುದು. ಅಪ್ಪ ಕೂತರು. ಕೂತವರು ಶೂ ಲೇಸ್ ಕಟ್ಟಿಕೊಳ್ಳಲು ಕೈಯಲ್ಲಿದ್ದ ಛತ್ರಿಯನ್ನು ಆಯಮ್ಮನ ತೊಡೆಗೆ ಒರಗಿಸಿದರು. ಎದ್ದರು, ನಡೆದರು. ಛತ್ರಿ ಅಲ್ಲೇ ಉಳಿಯಿತು.

ಆ ಛತ್ರಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ತಿಪಟೂರಿನ ಒಂದು ಬಟ್ಟೆ ಅಂಗಡಿಯವರು ದೀಪಾವಳಿಗೆ ಜಾಸ್ತಿ ವ್ಯಾಪಾರ ಮಾಡಿದವರಿಗೆ ಕೊಟ್ಟದ್ದು. ನೀಲಿ ಬಣ್ಣ, ಅಂಚಿನ ಸುತ್ತ ಹಳದಿ ಅಕ್ಷರದಲ್ಲಿ ಕನ್ನಡದಲ್ಲಿ ಅಂಗಡಿಯ ಹೆಸರು, ಕೆಳಗೆ 'ಮದುವೆ ಜವಳಿ ನಮ್ಮಲ್ಲಿ ಮಾತ್ರ'. ಇಂಗ್ಲೆಂಡಿನಲ್ಲಿ ಛತ್ರಿ ಸಿಗುವುದಿಲ್ಲ ಎಂಬ ಹಾಗೆ ಅದನ್ನು ಸೂಟ್‌ಕೇಸಿನಲ್ಲಿ ಅಡ್ಡಡ್ಡ ತುರುಕಿಕೊಂಡು ಬಂದಿದ್ದರು.

ಛತ್ರಿ ಇಲ್ಲವೆಂದು ಗೊತ್ತಾಗುವ ಹೊತ್ತಿಗೆ ನಾವು ಕೋಟೆಯ ಹುಲ್ಲುಗಾವಲಿನಲ್ಲಿದ್ದೆವು. ಕೋಟೆ ಅಂದರೆ ಒಂದೆರಡು ಗೋಡೆ ಚೂರು, ಮಣ್ಣಿನ ದಿಬ್ಬ, ಉಳಿದದ್ದೆಲ್ಲ ಹುಲ್ಲು. ರಾಜನ ವಿರುದ್ಧ ಯುದ್ಧ ಗೆದ್ದ ಕ್ರಾಮ್‌ವೆಲ್ ಕಡೆಯವರು 1652ರಲ್ಲಿ ಕೆಡವಿಹಾಕಿದ್ದು. ಒಂದು ಕಾಲಕ್ಕೆ ಬಹಳ ದೊಡ್ಡ ಕೋಟೆ, 1142ರ ಚಳಿಗಾಲದಲ್ಲಿ ಮಟಿಲ್ಡಾ ಎಂಬ ರಾಣಿ ಆಕ್ಸ್‌ಫರ್ಡ್‌ನ ಮುತ್ತಿಗೆಯಿಂದ ತಪ್ಪಿಸಿಕೊಂಡು ಹಿಮದ ಮೇಲೆ ಕಾಣಬಾರದೆಂದು ಬಿಳಿ ಬಟ್ಟೆ ಹೊದ್ದು, ಹೆಪ್ಪುಗಟ್ಟಿದ ಹೊಳೆ ದಾಟಿ ಓಡಿಬಂದು ಸೇರಿಕೊಂಡದ್ದು ಇಲ್ಲಿಗೇ ಅಂತ ನಾನು ಉತ್ಸಾಹದಿಂದ ವಿವರಿಸಿದೆ. ಚಿತ್ರದುರ್ಗ ನೋಡಿದವರ ಮುಂದೆ ಇದೆಲ್ಲ ನಡೆಯುತ್ತದಾ? "ಕೋಟೆ ಎಲ್ಲೋ?" ಎಂದರು ಅಪ್ಪ. "ಅಷ್ಟು ದೂರ ನಡೆದಳಾ ಪಾಪ, ಚಪ್ಪಲಿ ಇತ್ತಾ?" ಎಂದರು ಅಮ್ಮ.

ಊಟದ ಡಬ್ಬಿ ಬಿಚ್ಚಿದೆವು. ಚಪಾತಿ, ಪಲ್ಯ, ಆಮೇಲೆ ತಿಪಟೂರಿನ ಕೊಬ್ಬರಿ ಹಾಕಿ ಅಮ್ಮ ಹಿಂದಿನ ರಾತ್ರಿ ಮಾಡಿದ ಒಬ್ಬಟ್ಟು. ಆಗಲೇ ಮೇಲೆ ಅದು ಕಾಣಿಸಿದ್ದು. ಕೆಂಚು ಮೈ, ಕವಲು ಬಾಲ, ರೆಕ್ಕೆ ಅಲುಗಿಸದೆ ಸುತ್ತುತ್ತಿತ್ತು. ಇಲ್ಲಿಯವರು ಅದಕ್ಕೆ ರೆಡ್ ಕೈಟ್ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಸಂತತಿಯೇ ಅಳಿದುಹೋಗಿದ್ದ ಹದ್ದು, 1989ರಿಂದ ಸ್ಪೇನಿನಿಂದ ಮರಿಗಳನ್ನು ತಂದು ಪಕ್ಕದ ಚಿಲ್ಟರ್ನ್ ಬೆಟ್ಟಗಳಲ್ಲಿ ಬಿಟ್ಟರು. ಈಗ ಈ ಸೀಮೆಯಲ್ಲಿ ತಲೆ ಎತ್ತಿದರೆ ಸಾಕು ಕಾಣುತ್ತವೆ. ಅಮ್ಮನಿಗೆ ಇಷ್ಟೆಲ್ಲ ಇತಿಹಾಸ ಬೇಕಾ?

"ರೀ, ಗರುಡ! ಗರುಡ ನೋಡ್ರೀ!"

ಎದ್ದು ನಿಂತು ಕೆನ್ನೆ ಕೆನ್ನೆ ತಟ್ಟಿಕೊಂಡು ಕಣ್ಣು ಮುಚ್ಚಿ ಕೈ ಮುಗಿದರು. ಅಪ್ಪ ಬಲಗೈಯಲ್ಲಿ ಒಬ್ಬಟ್ಟು ಹಿಡಿದಿದ್ದರಿಂದ ಎಡಗೈಯಲ್ಲಿ ನಮಸ್ಕಾರ ಮಾಡಬಾರದೆಂದು ಒಬ್ಬಟ್ಟಿನ ಸಮೇತ ಬಲಗೈಯನ್ನೇ ಹಣೆಗೆ ಎತ್ತಿದರು. ಹದ್ದಿಗೆ ಇದಕ್ಕಿಂತ ಸ್ಪಷ್ಟವಾದ ಆಹ್ವಾನ ಬೇರೆ ಯಾರು ಕೊಟ್ಟಾರು? ರೆಕ್ಕೆ ಬಿಚ್ಚಿದರೆ ಹತ್ತಿರ ಹತ್ತಿರ ಆರು ಅಡಿ ಬರುವ ಹಕ್ಕಿ ಒಂದು ಚೂರೂ ಸದ್ದಿಲ್ಲದೆ ಅಪ್ಪನ ಹಿಂದಿನಿಂದ ಇಳಿಯಿತು. ನನಗೆ ಕಂಡದ್ದು ಒಂದು ನೆರಳು, ಹಳದಿ ಕಾಲು, ಅಪ್ಪನ ಎದ್ದ ಕೂದಲು. ಅಷ್ಟೆ. ಒಬ್ಬಟ್ಟಿನ ಅರ್ಧ ಮೇಲೆ ಹೋಯಿತು, ಹೂರಣ ಅಪ್ಪನ ಕನ್ನಡಕದ ಮೇಲೆ ಬಿತ್ತು. ಬೆರಳಿಗೆ ಏನೂ ಆಗಲಿಲ್ಲ, ಪುಣ್ಯ. ತಿನ್ನುತ್ತಾ ನಿಂತವರ ಕೈಯಿಂದಲೇ ಕಸಿಯುವ ಅಭ್ಯಾಸ ಈ ಕಡೆಯ ಹದ್ದುಗಳಿಗೆ ಆಗಿದೆ, ಅದಕ್ಕೇ ಯಾರೂ ಆಹಾರ ಹಾಕಬೇಡಿ ಅಂತ ಹೇಳುತ್ತಲೇ ಇರುತ್ತಾರೆ.

ಅಮ್ಮ ಕಣ್ಣು ಬಿಟ್ಟಾಗ ಅಪ್ಪ ಖಾಲಿ ಕೈಯನ್ನು ಹಾಗೇ ಹಣೆಯ ಮೇಲೆ ಇಟ್ಟುಕೊಂಡು ನಿಂತಿದ್ದರು. ವಿಷಯ ತಿಳಿದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: "ಮೊದಲೇ ನೈವೇದ್ಯ ಮಾಡಿ ಆಮೇಲೆ ತಿನ್ನಿ ಅಂದ್ರೆ ಕೇಳ್ತೀರಾ ನೀವು?"

ಕನ್ನಡಕ ಒರೆಸಲು ಕರ್ಚೀಫು ತೆಗೆಯುವಾಗ, ಸಣ್ಣಗೆ ಮಳೆಯೂ ಶುರುವಾದಾಗ, ಛತ್ರಿ ನೆನಪಾಯಿತು. ಓಡಿದೆವು. ಹೋಗಿ ನೋಡಿದರೆ ಬೆಂಚಿನ ಮುಂದೆ ಪ್ರವಾಸಿಗಳ ಸಣ್ಣ ಕ್ಯೂ. ಯಾರೋ ಪುಣ್ಯಾತ್ಮರು ಅಗಾಥಾ ಕ್ರಿಸ್ಟಿ ನೆನೆಯಬಾರದೆಂದು ಛತ್ರಿ ಬಿಚ್ಚಿ ಅವರ ತೋಳಿಗೆ ಸಿಕ್ಕಿಸಿಬಿಟ್ಟಿದ್ದರು. ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹಳದಿ ಅಕ್ಷರಗಳನ್ನು ತೋರಿಸಿ ಒಬ್ಬಾಕೆ ಗಂಡನಿಗೆ ಏನೋ ಗಂಭೀರವಾಗಿ ಹೇಳುತ್ತಿದ್ದಳು, ಯಾವುದೋ ಕೊಲೆಯ ಸುಳಿವು ಅಂತ ಇರಬೇಕು. ಅಪ್ಪ ನಾಚಿಕೊಂಡು ಕ್ಯೂ ಮುಗಿಯುವ ತನಕ ಮಳೆಯಲ್ಲೇ ನಿಂತರು. ತಮ್ಮದೇ ಛತ್ರಿ ತೆಗೆದುಕೊಳ್ಳಲು ಕ್ಯೂ ನಿಂತವರು! 'ಮದುವೆ ಜವಳಿ ನಮ್ಮಲ್ಲಿ ಮಾತ್ರ' ಅನ್ನುವುದು ಈಗ ಯಾವ ಯಾವ ದೇಶದ ಫ್ಯಾಮಿಲಿ ಆಲ್ಬಮ್‌ನಲ್ಲಿದೆಯೋ. ಅಂಗಡಿಯವರಿಗೆ ಹೇಳಿ ಮುಂದಿನ ಮದುವೆಗೆ ಡಿಸ್ಕೌಂಟ್ ಕೇಳುವುದು ಬಾಕಿ ಇದೆ.

ಸೇತುವೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸುಮಾರು 900 ಅಡಿ ಉದ್ದ, ಹಳೇ ಕಲ್ಲಿನ ಕಮಾನುಗಳು, ಮುಕ್ಕಾಲು ಭಾಗ ಹುಲ್ಲಿನ ಮೇಲೇ ನಿಂತಿದೆ. "ನೀರಿರೋದು ಇಷ್ಟು, ಬ್ರಿಜ್ ಅಷ್ಟು. ನಾನು ಹಿಂಗೆ ಎಸ್ಟಿಮೇಟ್ ಹಾಕಿದ್ರೆ ಆಡಿಟ್‌ನವರು ಬಿಡ್ತಿದ್ರಾ?" ಎಂದರು ಅಪ್ಪ. 1809ರ ಪ್ರವಾಹದಲ್ಲಿ ಕಮಾನುಗಳು ಕೆಟ್ಟಿದ್ದವು, ಮಳೆಗಾಲದಲ್ಲಿ ಆ ಹುಲ್ಲೆಲ್ಲ ಹೊಳೆಯೇ ಆಗುತ್ತದೆ ಎಂದ ಮೇಲೆ ಎಸ್ಟಿಮೇಟ್ ಪಾಸ್ ಮಾಡಿದರು.

ವಾಪಸ್ ಬರುವ ದಾರಿಯಲ್ಲಿ ಸ್ವಲ್ಪ ಬಳಸಿಕೊಂಡು ಸ್ಟೋಕ್ ರೋ ಎಂಬ ಹಳ್ಳಿಗೆ ಹೋದೆವು. ಇಲ್ಲಿಗೆ ಮಾತ್ರ ನಮ್ಮ ದೇಶದವರನ್ನು ಕರೆತರಲೇಬೇಕು. ಬಯಲಿನ ನಡುವೆ ಒಂದು ಗುಮ್ಮಟ, ಅದರಡಿ ಬಾವಿ, ಬಾವಿಯ ಯಂತ್ರದ ಮೇಲೆ ಚಿನ್ನದ ಬಣ್ಣದ ಆನೆ. ಬೆಟ್ಟದ ಮೇಲಿನ ಈ ಹಳ್ಳಿಗಳಲ್ಲಿ ಆಗ ಕುಡಿಯುವ ನೀರಿಗೆ ತತ್ವಾರ. ಮನೆಯಲ್ಲಿದ್ದ ಕೊನೇ ತೊಟ್ಟು ನೀರು ಕುಡಿದ ಹುಡುಗನಿಗೆ ಅವರಮ್ಮ ಹೊಡೆದ ಕಥೆಯನ್ನು ಈ ಕಡೆಯ ಎಡ್ವರ್ಡ್ ರೀಡ್ ಎಂಬ ಅಧಿಕಾರಿ ಇಂಡಿಯಾದಲ್ಲಿದ್ದಾಗ ಕಾಶಿಯ ಮಹಾರಾಜರಿಗೆ ಹೇಳಿದ್ದನಂತೆ. ರಾಜರು ಮರೆಯಲಿಲ್ಲ. ದುಡ್ಡು ಕಳಿಸಿದರು. 368 ಅಡಿ ಆಳ, ನಾಲ್ಕೇ ಅಡಿ ಅಗಲ, ಪೂರ್ತಿ ಕೈಯಲ್ಲೇ ತೋಡಿ 1864ರಲ್ಲಿ ಮುಗಿಸಿದರು. ನೀರೆತ್ತುವ ಯಂತ್ರ ಮಾಡಿದ್ದು ವಾಲಿಂಗ್‌ಫರ್ಡ್‌ನ ವೈಲ್ಡರ್ ಎಂಬ ಕಾರ್ಖಾನೆಯವರು. ಬಾವಿ ನೋಡಿಕೊಳ್ಳುವ ಖರ್ಚು ಹುಟ್ಟಲಿ ಎಂದು ಪಕ್ಕದಲ್ಲಿ ಚೆರ್ರಿ ತೋಟ ಬೇರೆ.

ಒಟ್ಟು ಖರ್ಚು 353 ಪೌಂಡ್ 13 ಷಿಲಿಂಗ್ 7 ಪೆನ್ನಿ ಎಂದು ಓದಿ ಹೇಳಿದೆ. ಅಪ್ಪನಿಗೆ ಆ ಏಳು ಪೆನ್ನಿಯ ಮೇಲೆ ಅಪಾರ ಗೌರವ ಬಂತು. "ನೋಡು, ಇದು ಬಿಲ್ಲು" ಎಂದರು. ಆಮೇಲೆ ನಮ್ಮ ತೋಟದಲ್ಲಿ ಸಾವಿರ ಅಡಿ ಕೊರೆಸಿದರೂ ಬರೀ ಧೂಳು ಬಂದ ಬೋರ್‌ವೆಲ್ ನೆನಪಾಗಿ ಮುಖ ಸಣ್ಣ ಮಾಡಿಕೊಂಡರು. ಚಿನ್ನದ ಆನೆ ನೋಡಿ ಮತ್ತೆ ಗೆಲುವಾದರು. ಅಷ್ಟಕ್ಕೇ ಬಿಡಬಹುದಿತ್ತು.

"ನೋಡೇ, ಕಾಶಿಗೆ ಕರ್ಕೊಂಡು ಹೋಗಲಿಲ್ಲ ಅಂತ ಮದುವೆ ಆದಾಗಿನಿಂದ ಅಂತೀಯಲ್ಲ, ಕಾಶಿ ಮಹಾರಾಜನ ಬಾವೀನೇ ತೋರಿಸಿದೀನಿ. ಅದೂ ಇಂಗ್ಲೆಂಡಲ್ಲಿ."

ಅಮ್ಮ ಬಾವಿ ನೋಡಿದರು, ಆನೆ ನೋಡಿದರು, ಅಪ್ಪನನ್ನು ನೋಡಿದರು.

"ಬಾವಿ ತೋರಿಸೋಕೆ ಇಷ್ಟು ದೂರ ಬರಬೇಕಿತ್ತಾ, ಊರಲ್ಲಿ ಇರಲಿಲ್ವಾ? ಲೋ, ಇವತ್ತೇ ಕಾಶಿ ಟಿಕೆಟ್ ಬುಕ್ ಮಾಡೋ."

ಅಪ್ಪ ತಕ್ಷಣ ಜೇಬಿನಿಂದ ಫೋನ್ ತೆಗೆದು ಆಕಾಶಕ್ಕೆ ಹಿಡಿದು, "ಇಲ್ಲಿ ಸಿಗ್ನಲ್ಲೇ ಇಲ್ಲ ಕಣೇ" ಎಂದರು.

"ನನ್ನ ಫೋನಲ್ಲಿ ಇದೆ ರೀ, ತಗೊಳ್ಳಿ" ಎಂದರು ಅಮ್ಮ.