ಉಪಚಾರ ಹೆಚ್ಚಾದ ಆರ್ಕಿಡ್

ನಮ್ಮಲ್ಲಿ ಊಟಕ್ಕೆ ಕೂತವರು ಬೇಡ ಬೇಡವೆಂದರೂ ಇನ್ನೊಂದು ಸೌಟು ಬಿದ್ದೇ ಬೀಳುತ್ತದೆ. ಮನುಷ್ಯರಾದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಆರ್ಕಿಡ್‌ಗೆ ಕೈಯಿಲ್ಲ. ಅದು ಎಲೆಯನ್ನೇ ಹಳದಿ ಮಾಡಿಕೊಂಡು ಸಾಕು ಅನ್ನುತ್ತದೆ. ನಾವು ಪಾಪ, ಬಾಯಾರಿದೆ ಅಂದುಕೊಂಡು ಮತ್ತೊಂದು ಚೊಂಬು ಸುರಿಯುತ್ತೇವೆ.

ಹಾಗಂತ ಹಳದಿಯೆಲ್ಲ ಕಾಯಿಲೆಯಲ್ಲ. ಆರ್ಕಿಡ್‌ಗಳಲ್ಲೊಂದಾದ ಫಲನಾಪ್ಸಿಸ್‌ನ ತೀರಾ ಕೆಳಗಿನ ಒಂದೇ ಎಲೆ ನಿಧಾನವಾಗಿ ಹಣ್ಣಾದರೆ ಅದಕ್ಕೆ ವಯಸ್ಸಾಯಿತು, ಅಷ್ಟೆ. ಒಣಗಿ ತಾನೇ ಕಳಚಿಕೊಳ್ಳುತ್ತದೆ. ಇನ್ನೊಂದು ಬಗೆಯಾದ ಡೆಂಡ್ರೋಬಿಯಂನ ಹಳೇ ಕಾಂಡ ಬೋಳಾದರೂ ಕತ್ತರಿ ಹಾಕಬೇಡಿ, ಹೂವು ಅಲ್ಲೇ ಬಂದೀತು. ಗಿಡವಿಡೀ ತಿಳಿಹಳದಿಗೆ ತಿರುಗಿದರೆ ಬಿಸಿಲು ಜಾಸ್ತಿಯಾಗಿದೆಯೇ ನೋಡಿ. ಗಾಬರಿಪಡಬೇಕಾದದ್ದು ಎರಡು ಮೂರು ಎಲೆ ಒಟ್ಟಿಗೆ ಹಳದಿಯಾಗಿ ಜೋತುಬಿದ್ದಾಗ, ಇಲ್ಲವೇ ಹಳದಿ ಸುಳಿಯಿಂದಲೇ ಶುರುವಾದಾಗ.

ಆಗ ಎಲೆ ನೋಡುತ್ತ ಕೂರುವುದಲ್ಲ, ಗಿಡವನ್ನು ಕುಂಡದಿಂದ ಎತ್ತಿ ಬೇರು ನೋಡಬೇಕು. ಆರ್ಕಿಡ್ ಬೇರಿನ ಮೇಲೆ ಸ್ಪಂಜಿನಂಥ ಹೊದಿಕೆಯಿದೆ, ವೆಲಾಮೆನ್ ಅಂತ. ಒಣಗಿದ್ದಾಗ ಬೆಳ್ಳಿ ಬಣ್ಣ, ನೆನೆದಾಗ ಹಸಿರು. ಬೆರಳಲ್ಲಿ ಒತ್ತಿದರೆ ಗಟ್ಟಿಯಿರಬೇಕು. ಕೊಳೆತ ಬೇರು ಕಂದಾಗಿ ಮೆತ್ತಗಿರುತ್ತದೆ. ಎಳೆದರೆ ಹೊದಿಕೆ ಕಾಲುಚೀಲದ ಹಾಗೆ ಜಾರಿ ಕೈಗೆ ಬಂದು ನಡುವಿನ ದಾರವೊಂದೇ ಉಳಿಯುತ್ತದೆ. ದಾರ ಎಲ್ಲಿ ನೀರು ಕುಡಿದೀತು? ಒದ್ದೆಯಲ್ಲೇ ಕೂತ ಗಿಡದ ಎಲೆ ಬರಗಾಲ ಕಂಡಂತೆ ಸುಕ್ಕಾಗುವುದು ಇದಕ್ಕೇ.

ಹಲಸಿನ ಮರಕ್ಕೆ ಅಂಟಿಕೊಂಡ ಸೀತಾಳೆ ದಂಡೆಯೆಂಬ ಕಾಡು ಆರ್ಕಿಡ್ ಮಲೆನಾಡಿನ ಮಳೆಗಾಲವಿಡೀ ನೆಂದರೂ ಕೊಳೆಯುವುದಿಲ್ಲವಲ್ಲ ಅನ್ನಬಹುದು. ಅದರ ಬೇರು ಗಾಳಿಯಲ್ಲಿದೆ, ಮಳೆ ಬಿಟ್ಟ ಸ್ವಲ್ಪ ಹೊತ್ತಿಗೆ ಆರುತ್ತದೆ. ಕುಂಡದ ತೆಂಗಿನ ಸಿಪ್ಪೆಯಾದರೋ ಎರಡು ವರ್ಷಕ್ಕೆಲ್ಲ ಜೀರ್ಣವಾಗಿ ಗಾಳಿಯಾಡದ ಮುದ್ದೆ.

ಶಸ್ತ್ರಚಿಕಿತ್ಸೆ ಸುಲಭ. ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಗಿಡದಿಂದ ಗಿಡಕ್ಕೆ ಹೋಗುವಾಗ ಮತ್ತೆ ಒರೆಸಿ. ಮೆತ್ತಗಿನ ಬೇರೆಲ್ಲ ಹೋಗಲಿ. ಎಲೆಯ ಕೊಳೆಯಾದರೆ ಕಲೆಯಿಂದ ಒಂದೆರಡು ಸೆಂಟಿಮೀಟರ್ ಆಚೆ, ಹಸಿರಿನಲ್ಲೇ ಕತ್ತರಿಸಬೇಕು. ಜಿಪುಣತನ ಮಾಡಿದರೆ ವಾರದಲ್ಲಿ ಮತ್ತೆ ಅದೇ ಕೆಲಸ. ಎಲೆಯ ಗಾಯಕ್ಕೆ ದಾಲ್ಚಿನ್ನಿ ಪುಡಿ ಸರಿ, ಬೇರಿಗೆ ಮಾತ್ರ ಬೇಡ, ಒಣಗಿಸಿಬಿಡುತ್ತದೆ. ಒಂದು ದಿನ ನೆರಳಲ್ಲಿ ಆರಲು ಬಿಟ್ಟು, ಇದ್ದಿಲು, ಹೆಂಚಿನ ಚೂರು, ಹೊಸ ಸಿಪ್ಪೆ ಹಾಕಿ ಉಳಿದ ಬೇರಿಗೆ ಸಾಕಾಗುವಷ್ಟೇ ಸಣ್ಣ ಕುಂಡದಲ್ಲಿ ಕೂರಿಸಿ. ಸಿಪ್ಪೆಯನ್ನು ಮೊದಲೇ ಎರಡು ದಿನ ನೆನೆಸಿ, ನೀರು ಬದಲಿಸಿ, ಉಪ್ಪಿನಂಶ ಬಿಡಿಸಿರಬೇಕು. ನೀರು ಮೂರ್ನಾಲ್ಕು ದಿನ ಬಿಟ್ಟು.

ಔಷಧಿಯಲ್ಲಿ ಎಡವುವವರೇ ಹೆಚ್ಚು. ಅಂಗಡಿಯಲ್ಲಿ ಥಟ್ಟನೆ ಕೊಡುವುದು ಕಾರ್ಬೆಂಡಜಿಮ್, ಮ್ಯಾಂಕೋಜೆಬ್ ಬೆರೆತ ಪುಡಿ. ಲೀಟರಿಗೆ 2 ಗ್ರಾಂ. ಬಹಳಷ್ಟು ಶಿಲೀಂಧ್ರದ ಕಲೆಗಳಿಗೆ ಅದಾಗುತ್ತದೆ. ಆದರೆ ಬುಡದಿಂದ ಕಪ್ಪಾಗಿ ಏರುವ ಕಪ್ಪುಕೊಳೆ ಬೇರೆಯದು. ಅದನ್ನು ತರುವವರಲ್ಲೊಬ್ಬ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ, ಅಡಿಕೆಯ ಕೊಳೆರೋಗದ ದಾಯಾದಿ. ಕಾರ್ಬೆಂಡಜಿಮ್‌ಗೆ ಅದು ಜಗ್ಗುವುದಿಲ್ಲ, ಮೆಟಲಾಕ್ಸಿಲ್ ಇರುವ ಪುಡಿ ಬೇಕು. ದಾಯಾದಿ ಅಂದೆವೆಂದು ತೋಟಕ್ಕೆ ಕಲಸಿದ, ತಾಮ್ರವಿರುವ ಬೋರ್ಡೋ ದ್ರಾವಣವನ್ನೇ ಒಂದು ಕೈ ಇದಕ್ಕೂ ಹೊಡೆದೀರಿ! ಡೆಂಡ್ರೋಬಿಯಂಗೆ ತಾಮ್ರ ಆಗಿಬರದು, ರೋಗ ಬಿಟ್ಟರೂ ಔಷಧಿ ಬಿಡುವುದಿಲ್ಲ. ಇನ್ನು ಎಲೆ ನೀರುನೀರಾಗಿ ಕರಗಿ ನಾರತೊಡಗಿದರೆ ಅದು ಬ್ಯಾಕ್ಟೀರಿಯಾ. ಶಿಲೀಂಧ್ರನಾಶಕ ದಂಡ, ಕತ್ತರಿಸಿ, ಒಣಗಿಸಿ, ಉಳಿದ ಗಿಡಗಳಿಂದ ದೂರವಿಡಿ.

ಫಲನಾಪ್ಸಿಸ್‌ನ ಸುಳಿ ಕೊಳೆಯುವುದಕ್ಕೆ ನಾವು ಅದನ್ನು ನೆಟ್ಟಗೆ ಕೂರಿಸುವುದೇ ಅರ್ಧ ಕಾರಣ. ಮರದಲ್ಲಿ ಅದು ವಾರೆಯಾಗಿ ಜೋತಿರುತ್ತದೆ, ನೀರು ಜಾರಿಹೋಗುತ್ತದೆ. ಕುಂಡದಲ್ಲಿ ಸುಳಿಯೇ ಬಟ್ಟಲು. ಇರುವುದೊಂದೇ ಸುಳಿ, ಅದು ಹೋದಮೇಲೆ ಬುಡದಲ್ಲಿ ಮರಿಯೊಡೆದರೆ ಪುಣ್ಯ. ಕುಂಡವನ್ನು ಚೂರು ಓರೆಯಾಗಿಡಿ, ನೀರು ಬೆಳಿಗ್ಗೆಯೇ ಹಾಕಿ, ಸುಳಿಯಲ್ಲಿ ನಿಂತದ್ದನ್ನು ಬಟ್ಟೆಯ ತುದಿಯಿಂದ ಹೀರಿಸಿ.

ಮುಂದಿನ ನೀರು ಬೇರು ಬೆಳ್ಳಿಯಾಗಿ, ಕುಂಡ ಹಗುರಾದ ಮೇಲೆ. ಕುಂಡದಡಿಯ ತಟ್ಟೆಯಲ್ಲಿ ನೀರು ನಿಲ್ಲಬಾರದು. ತಟ್ಟೆ ಇರಲೇಬೇಕೆಂದರೆ ಬೋರಲು ಹಾಕಿ, ಅದರ ಮೇಲೆ ಕುಂಡವಿಡಿ.